ಅಜ್ಜಿ ಕೇಳಿದ ಲೆಕ್ಕ



ಕಳೆದ ಜನವರಿಯಲ್ಲಿ ನಮ್ಮ ವಾಳೆಯ ಅಜ್ಜಿಯೊಬ್ಬರಿಗೆ ಸೌಖ್ಯ ತೀರಾ ಕೆಟ್ಟಿತು. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅಮೆರಿಕದಿಂದ ಮೊಮ್ಮಗಳ ಫೋನ್ ಬಂತು: "ನಾನು ಹೊರಡ್ತೇನೆ." ಅಲ್ಲಿ ಆಗ ಬುಧವಾರ ಸಂಜೆ ಏಳೂವರೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ.

"ಬರ್ಲಿಕ್ಕೆ ಎಷ್ಟು ಹೊತ್ತು ಬೇಕು ಮಕ್ಕಳೇ?" ಎಂದು ಅಜ್ಜಿ ಕೇಳಿದರು. ನಾವು ಮೊಬೈಲ್ ತೆರೆದೆವು. ಸ್ಯಾನ್ ಫ್ರಾನ್ಸಿಸ್ಕೊದಿಂದ ದುಬೈಗೆ ಸುಮಾರು 13,000 ಕಿ.ಮೀ., ಹೆಚ್ಚುಕಡಿಮೆ 16 ಗಂಟೆ. ದುಬೈಯಿಂದ ಮಂಗಳೂರಿಗೆ ಸುಮಾರು 2,450 ಕಿ.ಮೀ., ಮೂರೂವರೆ ಗಂಟೆ. "ಇಪ್ಪತ್ತು ಗಂಟೆ ಅಜ್ಜಿ" ಎಂದುಬಿಟ್ಟೆವು. ಬಿಎಸ್ಸಿ ಓದಿದ ನಮಗೆ ಕೂಡಿಸುವ ಲೆಕ್ಕ ಕಷ್ಟವೇ?

ಅಜ್ಜಿಯೂ ಕೂಡಿಸಿದರು. ಶುಕ್ರವಾರ ಬೆಳಗಿನ ಜಾವ ಐದಕ್ಕೇ ಎದುರಿನ ಬಾಗಿಲು ತೆರೆಸಿ ಕಾದರು. ಆದರೆ ಮೊಮ್ಮಗಳು ಹತ್ತಿದ ವಿಮಾನ ಅಲ್ಲಿಂದ ಏಳುವಾಗಲೇ ನಮ್ಮಲ್ಲಿ ಬೆಳಗಿನ ಐದು ಕಳೆದಿತ್ತು. ಅದಕ್ಕೂ ಮೊದಲಿನ ವಿಮಾನಕ್ಕೆ ಟಿಕೆಟ್ ಸಿಕ್ಕಿರಲಿಲ್ಲ.

"ಈಗ ಎಲ್ಲಿಗೆ ಮುಟ್ಟಿದ್ದಾಳೆ?" ಎಂದು ಅವರು ಮತ್ತೆ ಮತ್ತೆ ಕೇಳುವಾಗ ನಮಗೆ ಮುಖ ತೋರಿಸಲಿಕ್ಕೆ ನಾಚಿಕೆ. ಮಧ್ಯಾಹ್ನ ಧರ್ಮೋಪದೇಶ ತರಗತಿಯ ಭೂಗೋಳವನ್ನೂ ಒಂದು ನೂಲನ್ನೂ ತಂದೆವು. ಸ್ಯಾನ್ ಫ್ರಾನ್ಸಿಸ್ಕೊ 122 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ, ದುಬೈ 55 ಡಿಗ್ರಿ ಪೂರ್ವದಲ್ಲಿ. ಕೂಡಿಸಿದರೆ 177, ಅಂದರೆ ಹೆಚ್ಚುಕಡಿಮೆ ಭೂಮಿಯ ಅರ್ಧ ಸುತ್ತು. ನೂಲನ್ನು ಬಿಗಿಯಾಗಿ ಎಳೆದರೆ ಅದು ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ನೇರ ಉತ್ತರ ಧ್ರುವದ ಹತ್ತಿರದಿಂದ ಈಚೆಗೆ ಇಳಿಯುತ್ತದೆ. ಗೋಡೆಯ ನಕ್ಷೆಯಲ್ಲಿ ಈ ದಾರಿ ಕಾಣುವುದೇ ಇಲ್ಲ. ಗಾಳಿ ನೋಡಿ ವಿಮಾನ ಸ್ವಲ್ಪ ಆಚೀಚೆ ಹೋಗಬಹುದು, ಆದರೆ ಹತ್ತಿರದ ದಾರಿ ಅದೇ.

"ಧ್ರುವ ದಾಟಿರಬೇಕು ಅಜ್ಜಿ" ಎಂದೆವು. ಅವರು ನೂಲಿನ ಮೇಲೆ ಬೆರಳಾಡಿಸಿ, "ಇಷ್ಟು ಚಳಿಯಲ್ಲಿ ನನ್ನ ಮಗು!" ಎಂದರು. ನಂತರ ಬಾಲ್ಯದ ಕತೆ ಹೇಳಲಿಕ್ಕೆ ಶುರು ಮಾಡಿದರು: ಮುಳಿಹುಲ್ಲಿನ ಮನೆ, ಗದ್ದೆ, ಗಂಡ ಬೊಂಬಾಯಿಗೆ ಹೋದದ್ದು. ಸಂಜೆಯವರೆಗೂ ಕೇಳಿದೆವು.

ಆ ರಾತ್ರಿ ಅವರ ಮಾತು ನಿಂತಿತು.

ಮೊಮ್ಮಗಳು ಶನಿವಾರ ಬೆಳಿಗ್ಗೆ ಎಂಟಕ್ಕೆ ಅಂಗಳಕ್ಕೆ ಕಾಲಿಟ್ಟಳು. ಫೋನ್ ಬಂದಲ್ಲಿಂದ 47 ಗಂಟೆ. ಅದರಲ್ಲಿ ಆಕಾಶದಲ್ಲಿದ್ದದ್ದು ಇಪ್ಪತ್ತು ಗಂಟೆಯೂ ಇಲ್ಲ. ಉಳಿದದ್ದೆಲ್ಲ ಟಿಕೆಟ್, ಸರತಿ ಸಾಲು, ದುಬೈಯ ಕಾಯುವಿಕೆ, ಮಂಗಳೂರಿನಿಂದ ಮನೆಯ ರಸ್ತೆ. ಅವಳು ಕೈ ಹಿಡಿದಾಗ ಅಜ್ಜಿ ಕಣ್ಣು ತೆರೆದರು. ಭಾನುವಾರ ತೀರಿಕೊಂಡರು.

"ಕೊನೆಗೆ ಏನು ಹೇಳಿದ್ರು?" ಎಂದು ಅವಳು ನಮ್ಮನ್ನು ಕೇಳಿದಳು. ಹುಲ್ಲಿನ ಮನೆ, ಗದ್ದೆ, "ಇಷ್ಟು ಚಳಿಯಲ್ಲಿ ನನ್ನ ಮಗು" ಎಂದದ್ದು, ಎಲ್ಲವನ್ನೂ ಹೇಳಿದೆವು. ಅವಳು ತುಂಬಾ ಹೊತ್ತು ಅತ್ತಳು.

ಗೆಳೆಯರೇ, ಇಗರ್ಜಿಯಿಂದ ಅಜ್ಜಿಯ ಮನೆಗೆ ನಡೆದರೆ ಎಂಟು ನಿಮಿಷ. ಅದಕ್ಕೂ ಮೊದಲಿನ ವರ್ಷದಲ್ಲಿ ನಾವು ಅಲ್ಲಿಗೆ ಹೋದದ್ದು ಒಂದೇ ಸಲ, ಕ್ರಿಸ್ಮಸ್ ಕ್ಯಾರಲ್‌ಗೆ. ನಮ್ಮ ವಾಳೆಯಲ್ಲಿ ಮಕ್ಕಳು ದೂರದಲ್ಲಿರುವ ಮನೆಗಳು ಇನ್ನೂ ಹನ್ನೊಂದು ಉಂಟು. ಪಟ್ಟಿ ಮಾಡಿದ್ದೇವೆ. ಭಾನುವಾರ ಪೂಜೆ ಮುಗಿದ ಮೇಲೆ ಇಬ್ಬಿಬ್ಬರಾಗಿ ಹೋಗೋಣ. ನೀವೂ ಬನ್ನಿ.