ಇನ್ನೂ ಹುಟ್ಟದ ಬೀದಿಯಲ್ಲೊಂದು ಸೈಟು

ಮೆಲ್ಬರ್ನ್‌ನ ಸದರ್ನ್ ಕ್ರಾಸ್ ನಿಲ್ದಾಣದಲ್ಲಿ ಜೀಲಾಂಗ್ ಕಡೆ ಹೋಗುವ ವಿ/ಲೈನ್ ರೈಲು ಹತ್ತಿದರೆ ಹೆಚ್ಚುಕಮ್ಮಿ ಅರ್ಧ ಗಂಟೆಗೆ ಟಾರ್ನೀಟ್. ಫುಟ್ಸ್‌ಕ್ರೇ, ಸನ್‌ಶೈನ್, ಡೀರ್ ಪಾರ್ಕ್ ದಾಟಿದ ಮೇಲೆ ಬಯಲು ಶುರು. ಒಣ ಹುಲ್ಲು, ಗಾಳಿ, ದೂರದಲ್ಲಿ ಯೂ ಯಾಂಗ್ಸ್ ಬೆಟ್ಟದ ನೀಲಿ ಗೆರೆ. ಆಮೇಲೆ ಒಮ್ಮೆಲೇ ಬೂದು ಸೂರುಗಳ ಸಾಲು. 2015ರಲ್ಲಿ ಇಲ್ಲಿ ಸ್ಟೇಷನ್ ತೆರೆದ ಮೇಲೆ ಊರು ಬೆಳೆದ ವೇಗ ನೋಡಿದರೆ ನಮ್ಮ ವೈಟ್‌ಫೀಲ್ಡ್, ಸರ್ಜಾಪುರ ನೆನಪಾಗುತ್ತವೆ. ದಿನಸಿ ಅಂಗಡಿಯಲ್ಲಿ ಪಂಜಾಬಿ ಮಾತು, ಕರಿಬೇವು, ಜೋಳದ ಹಿಟ್ಟು. ಸಂಜೆ ಪಾರ್ಕಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್.

ಹೊಸ ಬಡಾವಣೆಗೆ ಇಲ್ಲಿ ‘ಎಸ್ಟೇಟ್’ ಅಂತಾರೆ. ನಮ್ಮ ಬಿಟಿಎಂ ಸೆಕೆಂಡ್ ಸ್ಟೇಜ್ ಥರ ಇಲ್ಲೂ ಸ್ಟೇಜ್‌ಗಳು. ಬಾಗಿಲಲ್ಲಿ ಹುಲ್ಲುಹಾಸು, ಕೊಳ, ಮಕ್ಕಳ ಜಾರುಬಂಡಿ, ಒಂದು ಚೆಂದದ ಮಾರಾಟ ಕಚೇರಿ. ಅದರ ಹಿಂದೆ ಜನ ವಾಸವಿರುವ ಬೀದಿಗಳು, ಅದರಾಚೆ ಕಟ್ಟುತ್ತಿರುವ ಮನೆಗಳು, ಕೊನೆಗೆ ಬರೀ ಮಣ್ಣು. ಮಾರಾಟಕ್ಕಿರುವುದು ಹೆಚ್ಚಾಗಿ ಆ ಕೊನೆಯ ಭಾಗ. ಕಚೇರಿಯ ಗೋಡೆ ಮೇಲಿನ ನಕಾಶೆಯಲ್ಲಿ ಬೀದಿಗೆ ಹೆಸರಿದೆ, ಸೈಟಿಗೆ ನಂಬರಿದೆ. ಹೊರಗೆ ಹೋಗಿ ನೋಡಿದರೆ ಜೆಸಿಬಿ ಮತ್ತು ಕಲ್ಲಿನ ಗುಡ್ಡೆ.

ನಾವು ಅಲ್ಲಿಗೆ ಹೋದಾಗ ನನಗೆ ನಾಲ್ಕು ತಿಂಗಳು. ಗದಗದಿಂದ ಅಮ್ಮ ಬಾಣಂತನಕ್ಕೆ ಬರುವವರಿದ್ದರು. ಫುಟ್ಸ್‌ಕ್ರೇಯ ಎರಡು ರೂಮಿನ ಬಾಡಿಗೆ ಮನೆಯಲ್ಲಿ ಇದ್ದುಕೊಂಡು, ನಮ್ಮದೂ ಅಂತ ಒಂದು ಮನೆ ಬೇಕು ಅನ್ನುವ ಆಸೆ ಇಬ್ಬರಿಗೂ. ನನ್ನ ಗಂಡನ ಕಣ್ಣು ಬಿದ್ದಿದ್ದು 400 ಚದರ ಮೀಟರಿನ ಮೂಲೆ ಸೈಟಿನ ಮೇಲೆ. ಬೆಲೆ 4 ಲಕ್ಷ ಡಾಲರ್. ನಮ್ಮ ಮೂವತ್ತು–ನಲವತ್ತರ ಸೈಟು ಸುಮಾರು 111 ಚದರ ಮೀಟರ್. ಅಂದ್ರೆ ಅಂಥ ಮೂರೂವರೆ ಸೈಟು! ಆದರೆ ಅದಿನ್ನೂ ‘ಟೈಟಲ್’ ಆಗದ ಜಮೀನು. ಅಂದರೆ ಸರ್ಕಾರಿ ದಾಖಲೆಯಲ್ಲಿ ಆ ಸೈಟು ಇನ್ನೂ ಹುಟ್ಟೇ ಇಲ್ಲ. ಈಗ ಶೇ. 10 ಕೊಟ್ಟು ಸಹಿ ಹಾಕುವುದು, ಬಾಕಿ ಹಣ ಟೈಟಲ್ ಬಂದ ಮೇಲೆ.

“ಸಾಲದ ಚಿಂತೆ ಬೇಡ, ನಮ್ಮ ಬ್ರೋಕರ್ ಇದ್ದಾರೆ” ಅಂದರು ಕಚೇರಿಯವರು.

ನಮ್ಮೂರಲ್ಲಿ ಬ್ರೋಕರ್ ಅಂದ್ರೆ ಸೈಟು ತೋರಿಸಿ ಎರಡೂ ಕಡೆ ಕಮಿಷನ್ ಕೇಳುವವರು. ಇಲ್ಲಿ ಮಾರ್ಟ್‌ಗೇಜ್ ಬ್ರೋಕರ್ ಕೆಲಸ ಬೇರೆ. ಹತ್ತಾರು ಬ್ಯಾಂಕುಗಳ ಸಾಲ ಹೋಲಿಸಿ, ಅರ್ಜಿ ತುಂಬಿಸಿ, ಮಂಜೂರಾಗುವವರೆಗೆ ಬೆನ್ನು ಹತ್ತುತ್ತಾರೆ. ಸಾಮಾನ್ಯವಾಗಿ ನಮ್ಮಿಂದ ಫೀಸು ಇಲ್ಲ. ಸಾಲ ಕೊಟ್ಟ ಬ್ಯಾಂಕು ಅವರಿಗೆ ಮೊದಲು ಸಾಲದ ಶೇ. 0.6–0.7ರಷ್ಟು, ಆಮೇಲೆ ಸಾಲ ಇರುವವರೆಗೆ ವರ್ಷವರ್ಷ ಒಂದಿಷ್ಟು ಕಮಿಷನ್ ಕೊಡುತ್ತದೆ. ಲೆಕ್ಕ ನೀವೇ ಹಾಕಿ: ಸಾಲ ದೊಡ್ಡದಾದಷ್ಟೂ ಕಮಿಷನ್ನೂ ದೊಡ್ಡದು. ಬ್ಯಾಂಕಿಂಗ್ ರಾಯಲ್ ಕಮಿಷನ್ 2019ರಲ್ಲಿ ಕೊಟ್ಟ ವರದಿ ಇದನ್ನೇ ಪ್ರಶ್ನಿಸಿತ್ತು. 2021ರ ಜನವರಿ 1ರಿಂದ ಬ್ರೋಕರ್ ಗಿರಾಕಿಯ ಹಿತವನ್ನೇ ಮೊದಲು ನೋಡಬೇಕು ಅನ್ನುವ ಕಾನೂನು ಬಂತು. ಕಮಿಷನ್ ಪದ್ಧತಿ ಮಾತ್ರ ಹಾಗೇ ಉಳಿಯಿತು.

ಕಚೇರಿಯ ಬ್ರೋಕರ್ ಫೋನಿನಲ್ಲಿ ಇಪ್ಪತ್ತು ನಿಮಿಷ ಮಾತಾಡಿದರು. ಇಬ್ಬರ ಸಂಬಳ ಕೇಳಿದರು. “ಸೈಟು, ಮನೆ ಎರಡೂ ಸೇರಿ 7 ಲಕ್ಷದವರೆಗೆ ಆರಾಮಾಗಿ ಹೋಗಬಹುದು” ಅಂದರು. ಕೇಳೋಕೆ ಖುಷಿಯಾಯಿತು. ಆದರೂ ಇನ್ನೊಬ್ಬರನ್ನು ಕೇಳೋಣ ಅಂತ, ಸಹೋದ್ಯೋಗಿಯೊಬ್ಬರು ಹೇಳಿದ ಬ್ರೋಕರ್ ಹತ್ತಿರ ಹೋದೆವು. ಹಣಕಾಸು ನಿಯಂತ್ರಕ ಸಂಸ್ಥೆ ಆಸಿಕ್‌ನ ಸಾರ್ವಜನಿಕ ಪಟ್ಟಿಯಲ್ಲಿ ಅವರ ಹೆಸರು ಇದೆಯಾ ಅಂತ ಮೊದಲು ಫೋನಿನಲ್ಲೇ ನೋಡಿಕೊಂಡೆವು. ಐದು ನಿಮಿಷದ ಕೆಲಸ.

ಈ ಅಕ್ಕ ಸಂಬಳ ಕೇಳಿದ್ದು ಕೊನೆಗೆ. ಮೊದಲ ಪ್ರಶ್ನೆ: “ಮುಂದಿನ ಎರಡು ವರ್ಷದಲ್ಲಿ ಸಂಬಳ ಕಡಿಮೆಯಾಗೋ ಸಾಧ್ಯತೆ ಇದೆಯಾ?” ನಾನು ಹೊಟ್ಟೆ ಮುಟ್ಟಿ ತೋರಿಸಿದೆ.

ಆಗ ಅವರು ಒಂದು ಹಾಳೆಯಲ್ಲಿ ತಿಂಗಳುಗಳನ್ನು ಸಾಲಾಗಿ ಬರೆದರು. ಮೂಲೆ ಸೈಟಿಗೆ ಟೈಟಲ್ ಬರೋಕೆ ಒಂದು ವರ್ಷ ಬೇಕು. ಈಗ ಸಿಗುವ ಪ್ರೀ-ಅಪ್ರೂವಲ್ ಬಾಳುವುದು ಸಾಮಾನ್ಯವಾಗಿ ಮೂರು ತಿಂಗಳು. ಟೈಟಲ್ ಬರುವ ಹೊತ್ತಿಗೆ ಬ್ಯಾಂಕು ನಮ್ಮ ಸಂಬಳ, ಸೈಟಿನ ಬೆಲೆ ಎರಡನ್ನೂ ಹೊಸದಾಗಿ ನೋಡುತ್ತದೆ. ಬ್ಯಾಂಕಿನ ಮೌಲ್ಯಮಾಪಕರು ಬೆಲೆ ಕಡಿಮೆ ಬರೆದರೆ ವ್ಯತ್ಯಾಸ ನಮ್ಮ ಕೈಯಿಂದ. ನಾನು ಆಗ ರಜೆಯಲ್ಲಿ, ಮನೆಯಲ್ಲಿ ಒಂದೇ ಸಂಬಳ. ಜೊತೆಗೆ, ಬಡ್ಡಿ ಶೇ. 6 ಇದ್ದರೆ ಬ್ಯಾಂಕು ಶೇ. 9ರಲ್ಲಿ ತೀರಿಸಬಲ್ಲಿರಾ ಅಂತ ಪರೀಕ್ಷಿಸುತ್ತದೆ. ಈ ಮೂರು ಪರ್ಸೆಂಟಿನ ಅಂತರ 2021ರ ಅಕ್ಟೋಬರಿನಿಂದ ಇಲ್ಲಿನ ನಿಯಮ. ಆವತ್ತು ಸಾಲ ಸಿಗದಿದ್ದರೆ ಕೊಟ್ಟ 40 ಸಾವಿರ ಡಾಲರ್ ಹೋದಂತೆಯೇ. ನಾಲ್ಕು ವರ್ಷದ ನಮ್ಮ ಉಳಿತಾಯದ ದೊಡ್ಡ ಪಾಲು ಅದು.

ಎರಡನೇ ಹಾಳೆಯಲ್ಲಿ ಮನೆ ಕಟ್ಟುವ ಕಾಲದ ಲೆಕ್ಕ. ವಿಕ್ಟೋರಿಯಾದಲ್ಲಿ ಬಿಲ್ಡರ್‌ಗೆ ಹಂತಹಂತವಾಗಿ ಹಣ ಹೋಗುತ್ತದೆ: ಮುಂಗಡ ಶೇ. 5, ಪಾಯಕ್ಕೆ 10, ಮರದ ಚೌಕಟ್ಟಿಗೆ 15, ಗೋಡೆ–ಸೂರು–ಬಾಗಿಲು ಕೂತ ‘ಲಾಕ್-ಅಪ್’ಗೆ 35, ಒಳಗಿನ ಕೆಲಸಕ್ಕೆ 25, ಕೀಲಿ ಕೊಡುವಾಗ 10. ಬ್ಯಾಂಕು ಕೊಟ್ಟ ಹಣಕ್ಕಷ್ಟೇ ಬಡ್ಡಿ. ಆದರೆ ಬಾಡಿಗೆ ನಿಲ್ಲೋದಿಲ್ಲವಲ್ಲ!

ಉದಾಹರಣೆಗೆ 3.5 ಲಕ್ಷದ ಸೈಟಿಗೆ 3.15 ಲಕ್ಷ ಸಾಲ, 2.9 ಲಕ್ಷದ ಮನೆ, ಬಡ್ಡಿ ಶೇ. 6 ಅಂತ ಹಿಡಿಯಿರಿ. ಸೈಟಿನ ಬಡ್ಡಿಯೇ ತಿಂಗಳಿಗೆ 1,575 ಡಾಲರ್. ಲಾಕ್-ಅಪ್ ಹೊತ್ತಿಗೆ ಮನೆಯ ಶೇ. 65 ಹಣ ಸಾಲದಿಂದ ಹೋಗಿದ್ದರೆ ಇನ್ನೂ 940. ಬಾಡಿಗೆ 2,000. ಒಟ್ಟು 4,500 ಮೀರಿತು. ಹಾಲು, ಡೈಪರ್, ರೈಲಿನ ಚಾರ್ಜು ಬೇರೆ. “ಬ್ಯಾಂಕು ಎಷ್ಟು ಕೊಡುತ್ತೆ ಅನ್ನೋದು ಒಂದು ನಂಬರ್. ಈ ಹತ್ತು ತಿಂಗಳು ನೀವು ನಿದ್ದೆ ಮಾಡೋಕೆ ಆಗೋದು ಇನ್ನೊಂದು ನಂಬರ್” ಅಂದರು ಆಕೆ.

ರಾತ್ರಿ ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ಸೈಟಿನ ಫೋಟೊ ತೋರಿಸಿದೆ. ಅವರು ನೋಡಿದ್ದು ಮೂಲೆಯನ್ನಲ್ಲ, ಮಣ್ಣನ್ನು. “ಏನವ್ವಾ, ನಮ್ಮ ಎರಿ ಹೊಲದಂಗ ಬಿರುಕು ಬಿಟ್ಟೈತಲ್ಲ! ಪಾಯದ ಖರ್ಚು ಯಾರ ತಲಿ ಮ್ಯಾಲ?” ಗದಗದವರಿಗೆ ಇದು ಗೊತ್ತಾಗದೆ ಇರುತ್ತಾ? ಮೆಲ್ಬರ್ನ್‌ನ ಪಶ್ಚಿಮ ಬಯಲು ಹಳೆಯ ಜ್ವಾಲಾಮುಖಿಗಳ ಲಾವಾ ಹರಿದು ಆದದ್ದು. ಮೇಲೆ ಜೇಡಿ, ಕೆಳಗೆ ಕರಿಕಲ್ಲು. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಮಣ್ಣು. ಹಾಗಾಗಿ ಪಾಯ ಗಟ್ಟಿ ಬೇಕು, ಕಲ್ಲು ಒಡೆಯಬೇಕು. ಇದಕ್ಕೆ ‘ಸೈಟ್ ಕಾಸ್ಟ್’ ಅಂತ ಬಿಲ್ಡರ್ ಬೇರೆ ಲೆಕ್ಕ ಇಡುತ್ತಾರೆ. ಮಾರನೇ ದಿನ ಬ್ರೋಕರ್ ಕೂಡ ಅದನ್ನೇ ಹೇಳಿದರು: ಕರಾರಿನಲ್ಲಿ ಸೈಟ್ ಕಾಸ್ಟ್ ‘ಫಿಕ್ಸೆಡ್’ ಅಂತ ಬರೆಸಿ. ಬ್ಯಾಂಕು ಸಾಲ ಕೊಡೋದು ಕರಾರಿನ ಮೊತ್ತ ನೋಡಿ, ಆಮೇಲೆ ಏರಿದ್ದು ನಿಮ್ಮ ಜೇಬಿನಿಂದ.

ಮೂಲೆ ಸೈಟು ಬಿಟ್ಟೆವು. ನನ್ನ ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಹಳೇ ಸ್ಟೇಜಿನಲ್ಲಿ, ಟೈಟಲ್ ಆಗಿಯೇ ಇದ್ದ 313 ಚದರ ಮೀಟರಿನ ಸೈಟು ಸಿಕ್ಕಿತು. ಸಹಿ ಹಾಕುವಾಗ ‘ಸಾಲ ಮಂಜೂರಾದರೆ ಮಾತ್ರ’ ಅನ್ನುವ ಷರತ್ತು ಸೇರಿಸಿದೆವು. ಸೈಟಿನ ಸಾಲ, ಕಟ್ಟುವ ಸಾಲ ಎರಡಕ್ಕೂ ಒಟ್ಟಿಗೇ ಅರ್ಜಿ ಹಾಕಿದೆವು. ರಜೆ ಯಾವಾಗ, ಕೆಲಸಕ್ಕೆ ವಾಪಸ್ ಯಾವಾಗ ಅಂತ ಆಫೀಸಿನ ಪತ್ರ ಸೇರಿಸಿ ಎಲ್ಲ ಮುಚ್ಚುಮರೆ ಇಲ್ಲದೆ ಹೇಳಿದೆವು. ವಿಕ್ಟೋರಿಯಾದಲ್ಲಿ ಮೊದಲ ಮನೆಯವರಿಗೆ 6 ಲಕ್ಷದವರೆಗೆ ಸ್ಟಾಂಪ್ ಡ್ಯೂಟಿ ಮಾಫಿ. ಖಾಲಿ ಸೈಟಾದ್ದರಿಂದ ಲೆಕ್ಕಕ್ಕೆ ಬಂದಿದ್ದು ಸೈಟಿನ ಬೆಲೆ ಮಾತ್ರ. ಹೊಸ ಮನೆಗೆ 10 ಸಾವಿರ ಡಾಲರ್ ಸರ್ಕಾರಿ ಅನುದಾನವೂ ಇದೆ. ನಾಲ್ಕು ಕೋಣೆಯ ಬದಲು ಮೂರು ಕೋಣೆ. ಉಳಿದ ಹಣವನ್ನು ಬಾಡಿಗೆ–ಬಡ್ಡಿಗೆ ಅಂತ ಎತ್ತಿಟ್ಟೆವು.

ನೀವೂ ಇಂಥ ಊರಲ್ಲಿ ಸೈಟು ನೋಡುತ್ತಿದ್ದರೆ ಬ್ರೋಕರ್‌ಗೆ ಈ ನಾಲ್ಕು ಪ್ರಶ್ನೆ ಕೇಳಿ. ನಿಮ್ಮನ್ನು ಪರಿಚಯಿಸಿದ ಮಾರಾಟ ಕಚೇರಿಗೆ ನೀವೇನಾದರೂ ಕೊಡುತ್ತೀರಾ? ಈ ಸಾಲದಲ್ಲಿ ನಿಮಗೆ ಎಷ್ಟು ಸಿಗುತ್ತೆ? ಟೈಟಲ್ ತಡವಾದರೆ ನನ್ನ ಸಾಲದ ಗತಿ ಏನು? ಮನೆ ಕಟ್ಟುವಾಗ ತಿಂಗಳು ತಿಂಗಳು ನನ್ನ ಕೈಯಿಂದ ಹೋಗೋದು ಎಷ್ಟು? ಒಳ್ಳೆಯವರು ಬೇಜಾರಾಗದೆ, ಬರೆದೇ ಕೊಡುತ್ತಾರೆ.

ಮಗಳಿಗೆ ಈಗ ಮೂರು ತಿಂಗಳು. ಬಾಣಂತನ ಬಾಡಿಗೆ ಮನೆಯಲ್ಲೇ ನಡೆಯುತ್ತಿದೆ, ಅಮ್ಮನಿಗೆ ಹಾಲ್‌ನಲ್ಲೇ ಹಾಸಿಗೆ. ಟಾರ್ನೀಟ್‌ನಲ್ಲಿ ಮರದ ಚೌಕಟ್ಟು ಎದ್ದು ನಿಂತಿದೆ, ಹೋದ ವಾರ ಆ ಹಂತದ ಶೇ. 15ರ ಬಿಲ್ಲೂ ಬಂತು. ಭಾನುವಾರ ಮಗಳನ್ನು ಎತ್ತಿಕೊಂಡು ಹೋಗಿ ಬೇಲಿಯ ಆಚೆಯಿಂದ ನೋಡಿ ಬಂದೆವು. ಪಕ್ಕದ ಸೈಟಿನ ಅಜ್ಜ ಆಗಲೇ ಮೆಂತ್ಯ ಸೊಪ್ಪು ಬೆಳೆದಿದ್ದಾರೆ. ಅಮ್ಮ ಅವರ ಹತ್ತಿರ ಒಂದು ಕಟ್ಟು ಇಸಿದುಕೊಂಡರು.