ಎರೆನೆಲದ ಹಕ್ಕಿಗಳ ಬೆನ್ನು ಹತ್ತಿ

ರಾಣೇಬೆನ್ನೂರಿನ ಬಯಲಿಗೆ ಹಕ್ಕಿ ನೋಡಲು ಹೊರಟವರು ಮೊದಲು ನೆಲ ನೋಡಬೇಕು. ಹುಲ್ಲಿನ ಬುಡದಲ್ಲಿ ಗೌಜುಗ, ಹೆಂಟೆಯದೇ ಬಣ್ಣದ ನೆಲಗುಬ್ಬಿ, ಹೆಜ್ಜೆ ಸಪ್ಪಳಕ್ಕೇ ಕೂಗುತ್ತ ಮೇಲೇಳುವ ಟಿಟ್ಟಿಭ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಸೆಳೆವಗಳು ಹೊಲದ ಮೇಲೆ ತೀರ ಕೆಳಗೆ ತೇಲುತ್ತ ಮಿಡತೆ ಹಿಡಿಯುತ್ತವೆ. ಆ ಹಾರಾಟವನ್ನು ಬೈನಾಕ್ಯುಲರಿನಲ್ಲಿ ಹಿಂಬಾಲಿಸುವ ಸುಖವೇ ಬೇರೆ; ಹೊತ್ತು ಏರಿದ್ದು ಬಿಸಿಲು ಸುಟ್ಟಾಗಲೇ ಗೊತ್ತಾಗುವುದು.

ಒಂದು ಕಾಲಕ್ಕೆ ಈ ಬಯಲಿನ ಅರಸ ಎರೆಭೂತ ಎಂಬ ದೊಡ್ಡ ಹಕ್ಕಿ. ಒಂದು ಮಗುವಿನಷ್ಟು ಎತ್ತರ, ಗಂಡಾದರೆ 15 ಕೆ.ಜಿ.ವರೆಗೂ ತೂಕ, ಬರಿನೆಲದ ಮೇಲೆ ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. 119 ಚದರ ಕಿ.ಮೀ. ವಿಸ್ತಾರದ ಕೃಷ್ಣಮೃಗ ಅಭಯಾರಣ್ಯ ಇಲ್ಲಿ 1974ರಲ್ಲಿ ಘೋಷಣೆಯಾಯಿತು. ಆದರೆ ಹುಲ್ಲುಗಾವಲನ್ನು ಬಂಜರೆಂದು ಬಗೆದು ನೆಟ್ಟಿದ್ದ ನೀಲಗಿರಿ ಬೆಳೆದು ಬಯಲನ್ನು ಮುಚ್ಚಿತು. ಆ ನೆಡುತೋಪಿನ ಪರಿಣಾಮವನ್ನು ಅಧ್ಯಯನ ಮಾಡಿ ಬರೆದವರು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ. 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಿಗೆ ಲಕ್ಷಾಂತರ ಗಿಡ ನೆಡಿಸಿ ನೆರಳು ತಂದವರೂ ಅವರೇ. ಯಾವ ಮಣ್ಣಿಗೆ ಗಿಡ ಬೇಕು, ಯಾವುದಕ್ಕೆ ಹುಲ್ಲೇ ಸಾಕು ಎಂಬುದು ಅಂಥವರಿಗೆ ಮಾತ್ರ ತಿಳಿದರೆ ಸಾಲದು. ಈಗ ದೇಶದಲ್ಲೆಲ್ಲ ಸಹಜ ನೆಲೆಯಲ್ಲಿ ಉಳಿದಿರುವ ಎರೆಭೂತಗಳು 150ರ ಆಸುಪಾಸು.

ಬಂಕಾಪುರದ ಕಥೆ ಮನಸ್ಸನ್ನು ಹಗುರ ಮಾಡುತ್ತದೆ.

ಹಾವೇರಿ ಜಿಲ್ಲೆಯ ಆ ಹಳೆಯ ಕೋಟೆಯೊಳಗೆ ಅರವತ್ತು ಕಂಬದ ನಗರೇಶ್ವರ ಗುಡಿ, ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರ, ಸುತ್ತ ಕಂದಕ, ಕುರುಚಲು. ದನಕ್ಕೆಂದು ಕಾದ ಜಾಗವೇ ನವಿಲಿಗೂ ಒದಗಿತು. 2006ರಲ್ಲಿ ಅದು 139 ಎಕರೆಯ ನವಿಲುಧಾಮವಾಯಿತು.

ಬ್ಯಾಡಗಿಯ ಕಡೆ ನೋಟ ಹೊಲಕ್ಕೆ ತಿರುಗುತ್ತದೆ. ಮೆಣಸಿನಕಾಯಿಯ ಖಾರ ನಮ್ಮ ನಾಲಗೆಗೆ. ಹಕ್ಕಿಗಳಿಗೆ ಅದು ಹತ್ತುವುದೇ ಇಲ್ಲ. ಗಿಳಿ ಹಣ್ಣು ಕಚ್ಚುತ್ತದೆ, ನಿಜ. ಆದರೆ ಕಾಯಿ ಕೊರೆಯುವ ಹುಳು ಹಿಡಿಯಲು ಕಾಜಾಣ, ಗೊರವಂಕಗಳೇ ಬೇಕು. ಅವು ಕೂರಲೆಂದು ಹೊಲದಲ್ಲಿ ಅಲ್ಲಲ್ಲಿ ಕವೆಗೋಲು ನೆಡಿ ಎಂದು ಕೃಷಿ ತಜ್ಞರೇ ಹೇಳುತ್ತಾರೆ. ಖರ್ಚಿಲ್ಲದ ಈ ಉಪಕಾರ ಹಕ್ಕಿಗೂ ಬೆಳೆಗೂ ಸಲ್ಲುತ್ತದೆ.

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಭಾರತ 2013ರಿಂದ ಅದರಲ್ಲಿದೆ. ಹಾವೇರಿಯ ಹೆಗ್ಗೇರಿ ಕೆರೆಯ ಏರಿಯ ಮೇಲೋ ನಿಮ್ಮ ಬದುವಿನಲ್ಲೋ ಹದಿನೈದು ನಿಮಿಷ ನಿಂತು, ಕಂಡದ್ದನ್ನು ಇ-ಬರ್ಡ್ ಜಾಲತಾಣದಲ್ಲಿ ಬರೆಯಿರಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ.