ಸಂಕ ತೆಗೆದ ಮೇಲೆ

ನಮ್ ಕೊಳ್ಳೇಗಾಲದ ಸೀಮೇಲಿ ನಡುಗಡ್ಡೆ ಅಂದ್ರೆ ಎಲ್ರಿಗೂ ಮೊದ್ಲು ಜ್ಞಾಪಕ ಬರದು ಶಿವನಸಮುದ್ರ. ಕಾವೇರಿ ಎರಡು ಸೀಳಾಗಿ ಹರೀತಾಳೆ, ಮಧ್ಯದಲ್ಲಿ ರಂಗನಾಥಸ್ವಾಮಿ ಗುಡಿ, ಒಂದ್ ಕಡೆ ಗಗನಚುಕ್ಕಿ, ಇನ್ನೊಂದ್ ಕಡೆ ಭರಚುಕ್ಕಿ. ಅಲ್ಲಿಗೆ 1830ರ ಆಸುಪಾಸಲ್ಲೇ ಜಾಗೀರ್ದಾರ್ ರಾಮಸ್ವಾಮಿ ಮೊದಲಿಯಾರ್ ಕಲ್ಲಿನ ಸೇತುವೆ ಕಟ್ಟಿಸ್ಬುಟ್ರು. 1902ರಲ್ಲಿ ಅಲ್ಲಿಂದ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು. ಹಂಗಾಗಿ ನಡುಗಡ್ಡೆ ಅಂದ್ರೆ ನಮ್ಗೆಲ್ಲ ಬಸ್ಸಲ್ಲಿ ಹೋಗಿ, ನೀರು ಬೀಳದು ನೋಡಿ, ಕಡ್ಲೆಪುರಿ ತಿಂದ್ಕೊಂಡು ಸಂಜೆಗೆ ಮನೆ ಸೇರೋ ಜಾಗ. ದೋಣಿಗೆ ಕಾಯ್ಕೊಂಡು ಬದುಕೋ ನಡುಗಡ್ಡೆ ನಾನು ನೋಡಿದ್ದು ಮಂಗಳೂರಿನ ಮಗ್ಗುಲಲ್ಲಿ. ಅದರ ಹೆಸ್ರು ಪಾವೂರು ಉಳಿಯ.

ಆ ಕಡೆಯೋರು ಹೊಳೆ ಮಧ್ಯದ ಜಾಗಕ್ಕೆ ಕುದ್ರು ಅಂತಾರೆ. ನೇತ್ರಾವತಿ ಘಟ್ಟ ಇಳಿದು, ಉಪ್ಪಿನಂಗಡೀಲಿ ಕುಮಾರಧಾರೆನೂ ಕೂಡಿಸ್ಕೊಂಡು, ಸಮುದ್ರ ಸೇರೋಕೆ ಮುಂಚೆ ಅಗಲ ಆಗ್ತಾಳೆ. ಆ ಅಗಲದ ನಡುವೆ ಈ ಉಳಿಯ. ಒಂದಷ್ಟು ಮನೆ, ತೆಂಗಿನ ತೋಟ, ಬಾಲಯೇಸುವಿನ ಒಂದು ಚರ್ಚು. ಇರೋರು ಹೆಚ್ಚಿಗೆ ಕೊಂಕಣಿ ಮಾತಾಡೋ ಕ್ಯಾಥೊಲಿಕ್ ಜನ. ಆಚೆ ದಡದ ಅಡ್ಯಾರಿಗೆ ಬೆಂಗಳೂರು ಹೆದ್ದಾರೀನೇ ಬಂದದೆ. ಇವ್ರಿಗೆ ಮಾತ್ರ ದೋಣಿ. ಬೇಸಿಗೇಲಿ ಹೊಳೆ ತಗ್ಗಿದಾಗ ಊರೋರೇ ಸೇರ್ಕೊಂಡು ಒಂದು ಕಾಲುಸೇತುವೆ ಕಟ್ಕೋತಾರೆ. ಅದಕ್ಕೆ ಸಂಕ ಅನ್ನದು. ಮಳೆ ಹಿಡಿಯೋಕೆ ಮುಂಚೆ ಅವ್ರೇ ಬಿಚ್ಚಿ ಎತ್ತಿಡ್ತಾರೆ.

ಕೆಲವು ವರ್ಷದ ಹಿಂದೆ, ಮೇ ತಿಂಗಳಲ್ಲಿ, ನಮ್ ಕಡೆ ಚರ್ಚಿನಿಂದ ಮಿಷನ್ ಸೇವೆ ಅಂತ ನಾವು ಐದು ಜನ ಹೆಂಗಸ್ರು ಒಬ್ರು ಸಿಸ್ಟರ್ ಜತೇಲಿ ಅಲ್ಲಿಗೆ ಹೋದೊ. ಮಕ್ಳಿಗೆ ಬೇಸಿಗೆ ರಜೆಯ ಜಪ, ಹಾಡು, ಕಥೆ. ಹೆಂಗಸ್ರಿಗೆ ರವಿಕೆ ಹೊಲಿಯೋದು. ಎರಡು ವಾರದ ಕೆಲ್ಸ. ನನ್ ತವರು ಮಾರ್ಟಳ್ಳಿ ಕಡೆ, ಅಲ್ಲಿ ತಮಿಳು. ಕೌದಳ್ಳಿಗೆ ಸೊಸೆಯಾಗಿ ಬಂದ್ಮೇಲೆ ಕನ್ನಡ. ಇವೆರಡರಲ್ಲಿ ಯಾವ್ದೂ ಅಲ್ಲಿ ನೆಟ್ಟಗೆ ಸಾಗ್ಲಿಲ್ಲ. ಅವ್ರದು ಪುಸ್ತಕದ ಕನ್ನಡ, ನಮ್ದು ಇಂಗೆ. "ಎಲ್ಲಿಗ್ ಓದರಿ?" ಅಂದ್ರೆ ಅವ್ರು "ಯಾವ ಪುಸ್ತಕ ಓದೋದು?" ಅಂತ ಕೇಳೋರು.

ನಮ್ಮೂರು ಹನೂರಿಂದ ಮಾದಪ್ಪನ ಬೆಟ್ಟಕ್ಕೆ ಹೋಗೋ ದಾರೀಲಿರದು. ಶಿವರಾತ್ರಿ, ದೀಪಾವಳಿ ಬಂತು ಅಂದ್ರೆ ಇಡೀ ರಾತ್ರಿ ಪರಸೆ, ಬಸ್ಸು, ಲಾರಿ. ನಿಂತ್ರೆ ಬಸ್ಸು, ಕೂತ್ರೆ ಆಟೋ. ಅಂಥ ಊರಿಂದ ಹೋದೋಳು ನಾನು. ಅಲ್ಲಿ ಬೆಳಗ್ಗೆ ಆರಕ್ಕೆ ಎದ್ದು ಗುಡಿಸಿ, ಸಾರಿಸಿ, ಎಂಟಕ್ಕೆಲ್ಲ ಕೆಲ್ಸ ಮುಗಿಸ್ಕೊಂಡು ಕೂತ್ರೆ ಮುಂದಕ್ಕೆ ಏನೂ ಇಲ್ಲ. ದಾರ ಮುಗೀತು ಅಂದ್ರೆ ಅಂಗ್ಡಿಗೆ ಓಡೋ ಹಂಗಿಲ್ಲ. ಸಂಕ ದಾಟಬೇಕು, ಇಲ್ಲ ನಾಳೆಗೆ ಯಾರಾದ್ರೂ ಹೋಗೋರ ಕೈಲಿ ಹೇಳಿ ಕಳಿಸ್ಬೇಕು. ಮೂರನೇ ದಿನಕ್ಕೆ ನಂಗೆ ಕೈಕಾಲು ಕಟ್ಟಾಕಿದಂಗಾಗೋಯ್ತು.

ನಾನಿದ್ದ ಮನೆ ಅಜ್ಜಿಗೆ ಎಪ್ಪತ್ತು ದಾಟಿತ್ತು. ನನ್ನ "ಬಾಯಿ" ಅಂತ ಕರೆಯೋರು. ನನ್ ಚಡಪಡಿಕೆ ನೋಡಿ ಒಂದಿನ, "ಕೂತ್ಕೊಳ್ಳಿ ಬಾಯಿ, ಹೊಳೆ ಎಲ್ಲಿಗೂ ಹೋಗುದಿಲ್ಲ" ಅಂದ್ರು. ಹೊಳೆನೂ ಅಲ್ಲಿ ಒಂದೇ ಕಡೆಗೆ ಹೋಗಾಕಿಲ್ಲ ಕನ. ಸಮುದ್ರ ಉಬ್ಬಿದಾಗ ನೀರು ಹಿಂದಕ್ಕೆ ಏರ್ತದೆ, ಇಳಿದಾಗ ಮುಂದಕ್ಕೆ ಹರೀತದೆ. ನಮ್ ಕಾವೇರಿ ನೋಡ್ದೋಳಿಗೆ ಅದೊಂದು ಸೋಜಿಗ. ಅಜ್ಜಿ ಗಡಿಯಾರ ನೋಡ್ದೆ ನೀರು ನೋಡ್ಕೊಂಡೇ ಹೊತ್ತು ಹೇಳೋರು.

ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಮೀನ್ ಸಾರು. ಒಂದ್ ವಾರ ಕಳೆದ್ಮೇಲೆ ನಾಲಿಗೆ ಹಿಟ್ಟು ಕೇಳ್ತು. ಊರಿಂದ ಎರಡು ಸೇರು ರಾಗಿಹಿಟ್ಟು ತಗೊಂಡೋಗಿದ್ದೆ. ಮುದ್ದೆ ತೊಳಸಿ ಉಪ್ಸಾರು ಮಾಡ್ದೆ. ಅಜ್ಜಿ ಮುದ್ದೇನ ಅಗೀತಾ ಕೂತ್ಕೊಂಡ್ರು. "ಅಗೀಬೇಡಿ, ಮುರ್ದು ಸಾರಲ್ಲಿ ಅದ್ದಿ ನುಂಗ್ಬುಡಿ" ಅಂದೆ. "ಅಬ್ಬಾ, ಊಟಕ್ಕೂ ಅವಸರವಾ ನಿಮ್ಮ ಊರಲ್ಲಿ?" ಅಂದ್ರು. ಎಲ್ರೂ ನಕ್ಕೊ.

ಆವತ್ತೇ ಅಜ್ಜಿ ಇನ್ನೊಂದು ಮಾತು ಹೇಳಿದ್ರು. 1784ರಲ್ಲಿ ಟಿಪ್ಪು ಸುಲ್ತಾನ್ ಕಾಲದಲ್ಲಿ ಕರಾವಳಿ ಕ್ರೈಸ್ತರನ್ನ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸ್ಕೊಂಡು ಹೋಗಿದ್ರಲ್ಲ, ಉಳಿದೋರು 1799ರಲ್ಲಿ ಪಟ್ಟಣ ಬಿದ್ದ ಮೇಲೆ ತಾನೆ ವಾಪಸ್ ಬಂದದ್ದು. "ನಿಮ್ಮ ಕಾವೇರಿಯ ಕುದ್ರು ನಮ್ಮ ಹಿರಿಯರಿಗೆ ಗೊತ್ತು ಬಾಯಿ, ಅಲ್ಲಿಯೂ ಕಾದಿದ್ದಾರೆ" ಅಂದ್ರು. ಶ್ರೀರಂಗಪಟ್ಟಣನೂ ಒಂದು ನಡುಗಡ್ಡೇನೇ ಅನ್ನದು ನಂಗೆ ಆವತ್ತು ಹೊಸದಾಗಿ ಕೇಳಿದಂಗಾಯ್ತು.

ಹತ್ತನೇ ದಿನ ಮೋಡ ಕಟ್ತು. ಗಂಡಸ್ರು ಸೇರಿ ಸಂಕ ಬಿಚ್ಚಿದ್ರು. ಹಲಗೆ, ಕಂಬ ಎಲ್ಲ ಎಣಿಸಿ ಜೋಡಿಸಿಟ್ರು. ಆವತ್ತಿಂದ ಬರೀ ದೋಣಿ. ಆಮೇಲಿನ ಎರಡು ದಿನ ಸುರೀತು ನೋಡಿ ಮಳೆ! ಹೊಳೆ ಕೆಂಪಾಗಿ ದಪ್ಪಗಾಯ್ತು.

ಎರಡನೇ ರಾತ್ರಿ ಅಜ್ಜಿಗೆ ಉಸಿರು ಕಟ್ಟಕ್ಕೆ ಸುರುವಾಯ್ತು. ಹೊತ್ತು ಎರಡು ಗಂಟೆ ಇರಬೇಕು. ನಾನು ಬೆನ್ನು ನೀವ್ತಾ, "ಯಾರಾದ್ರೂ ಬನ್ರಪ್ಪೋ" ಅಂತ ಕೂಗ್ಕೊಂಡೆ. ಅವ್ರು ಯಾರೂ ಕೂಗ್ಲಿಲ್ಲ. ಮಗ ದೋಣಿಯವ್ರಿಗೆ ಫೋನ್ ಹಚ್ಚಿದ. ಸೊಸೆ ಬಟ್ಟೆ, ಔಷಧಿ ಚೀಟಿ, ದುಡ್ಡು ಇದ್ದ ಚೀಲ ತಂದ್ಲು. ಅದು ಮೊದಲೇ ಕಟ್ಟಿಟ್ಟ ಚೀಲ, ಬಾಗ್ಲ ಹಿಂದೆ ಮೊಳೆಗೆ ನೇತಾಕಿತ್ತು. ಪಕ್ಕದ ಮನೆಯೋರು ಪ್ಲಾಸ್ಟಿಕ್ ಕುರ್ಚಿ ಹಿಡ್ಕೊಂಡು ಬಂದ್ರು. ಅಜ್ಜೀನ ಅದ್ರಲ್ಲಿ ಕೂರಿಸಿ ನಾಲ್ಕು ಜನ ಎತ್ತಿದ್ರು. ಇಬ್ರು ಟಾರ್ಚು. ದಡದಲ್ಲಿ ನಿಂತು ಕಾದೊ. ನೀರಿನ ಸೆಳವು ಜಾಸ್ತಿ ಇತ್ತು, ದೋಣಿಯವ್ರು ಒಂದು ಮರದ ದಿಮ್ಮಿ ಹೋಗ್ಲಿ ಅಂತ ಕಾದ್ರು, ಆಮೇಲೆ ಬಿಟ್ರು. ಆಚೆ ದಡದಲ್ಲಿ ಆಟೋ ದೀಪ ಕಾಣದು, ಅಲ್ಲಿಗೆ ಹೋಗಕ್ಕಾಗದು. ನಾನು ಜಪಸರ ಹಿಡ್ಕೊಂಡೇ ನಿಂತಿದ್ದೆ, ಬಾಯಿಗೆ ಜಪ ಬರ್ಲಿಲ್ಲ.

ಅಜ್ಜಿ ಬದುಕಿದ್ರು. ನಾಲ್ಕು ದಿನ ಮಂಗಳೂರಿನ ಆಸ್ಪತ್ರೇಲಿ ಇದ್ದು ವಾಪಸ್ ಬಂದ್ರು, ಅದೇ ದೋಣೀಲಿ.

ಊರಿಗೆ ಬಂದ್ಮೇಲೆ ನಮ್ ಹೆಂಗಸ್ರು, "ಪುಣ್ಯವಂತೆ ಕನವ್ವ, ಗದ್ಲ ಇಲ್ದೆ ಎರಡ್ ವಾರ ನೆಮ್ಮದಿಯಾಗಿದ್ದು ಬಂದೆ" ಅಂದ್ರು. ನೆಮ್ಮದಿ ಇತ್ತು, ಇಲ್ಲ ಅನ್ನಾಕಿಲ್ಲ. ಆದ್ರೆ ಆ ನಿಧಾನ ಅವ್ರಿಗೆ ಸೋಮಾರಿತನ ಅಲ್ಲ, ಸುಖನೂ ಅಲ್ಲ. ಯಾವ್ದುಕ್ಕೆ ಅವಸರ ಮಾಡಿದ್ರೂ ಹೊಳೆ ಬಿಡಾಕಿಲ್ಲ ಅಂತ ಗೊತ್ತಿದ್ದೋರು, ಕಾಯೋದನ್ನೇ ಒಂದು ಕೆಲಸದಂಗೆ ಕಲ್ತವ್ರೆ. ಬಾಗ್ಲ ಹಿಂದಿನ ಆ ಚೀಲ ನೋಡ್ದೋರ್ಗೆ ಅದು ಗೊತ್ತಾಗದು. ಹದಿನೈದು ದಿನಕ್ಕೆ ಬಂದ ನಮ್ಗೆ ನಿಧಾನ ವಿಶ್ರಾಂತಿ. ಹುಟ್ಟಿಂದ ಅಲ್ಲೇ ಇರೋರಿಗೆ ಅದು ಇಲ್ಲದ ಸೇತುವೆ.

ಇದು ಅವ್ರದ್ದೊಂದೇ ಕಥೆ ಅಲ್ಲ. ನಮ್ ಮಾದಪ್ಪನ ಬೆಟ್ಟದ ಕಾಡೊಳಗಿನ ಊರುಗಳಲ್ಲಿ ರಸ್ತೆ ಇಲ್ದೆ ಬಸುರಿ ಹೆಂಗಸ್ರನ್ನ, ಕಾಯಿಲೆಯೋರನ್ನ ಡೋಲಿ ಕಟ್ಟಿ ಹೊತ್ಕೊಂಡು ಬಂದದ್ದು ಪೇಪರ್ನಲ್ಲಿ ಎಷ್ಟು ಸಲ ಬಂದಿಲ್ಲ? ನೀರಿಲ್ದಿದ್ರೂ ಅವೂ ಕುದ್ರುಗಳೇ. ಅಲ್ಲಿ ಪ್ಲಾಸ್ಟಿಕ್ ಕುರ್ಚಿ, ಇಲ್ಲಿ ಡೋಲಿ.

ಉಳಿಯದೋರಿಗೆ ಇನ್ನೊಂದು ಭಯನೂ ಅದೆ. ಹೊಳೇಲಿ ಮರಳು ತೆಗ್ದು ತೆಗ್ದು ಕುದ್ರುವಿನ ಅಂಚು ಕುಸೀತಾ ಬಂದದೆ. ನಾವು ಹೊರಡೋ ಹಿಂದಿನ ದಿನ ಅಜ್ಜಿ ಮಂಚದ ಮೇಲಿಂದ್ಲೇ ಕಿಟಕಿ ಆಚೆ ಕೈ ತೋರಿಸಿ, "ಅಲ್ಲಿ ನಮ್ಮ ತೆಂಗು ಇತ್ತು" ಅಂದ್ರು. ನಾನು ನೋಡ್ದೆ. ಅಲ್ಲಿ ನೀರಿತ್ತು.

ಈಗ್ಲೂ ತಿಂಗಳಿಗೊಂದ್ಸಲ ಅಜ್ಜಿ ಮನೆಗೆ ಫೋನ್ ಮಾಡ್ತೀನಿ. ಮೇ ಕೊನೇಲಿ ಮಾತ್ರ ಸೊಸೆನೇ ಮೊದ್ಲು ಮಾಡ್ತಾಳೆ. "ಆಂಟಿ, ಸಂಕ ತೆಗೆದಾಯ್ತು" ಅಂತಾಳೆ. "ಚೀಲ ಕಟ್ಟಿಟ್ಟಿದ್ದೀಯೇನವ್ವ?" ಅಂತ ಕೇಳ್ತೀನಿ. "ಕಟ್ಟಿ ಆಗಿದೆ" ಅಂತಾಳೆ. ಆಮೇಲೆ ನಮ್ ಮಾತು ಮೀನು, ಮಕ್ಳು, ರಾಗಿ ಕಡೆಗೆ ಹೋಗ್ತದೆ.